ಮುನಿಶಾಮಯ್ಯನ ಅಳು

ಗಂಗಲಕ್ಷ್ಮಮ್ಮ ತೀರಿಕೊಂಡಾಗ ಅವಳ ಗಂಡ ಮುನಿಶಾಮಯ್ಯ ಅಳಲಿಲ್ಲ. ಶಿವರಾತ್ರಿಗೆ ಇನ್ನೂ ಹತ್ತು ದಿನವಿತ್ತು. ಜ್ವರ ಎಂದು ಮಲಗಿದ ಹೆಂಗಸು ಮೂರನೇ ದಿನ ಮೈಯೆಲ್ಲ ಹಳದಿಯಾದಳು, ಏಳನೇ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾತು ನಿಲ್ಲಿಸಿದಳು, ಒಂಬತ್ತನೇ ದಿನ ತಮ್ಮ ಊರು ಹೊಂಗನೂರಿಗೆ ಆಂಬುಲೆನ್ಸಿನಲ್ಲಿ ಹೆಣವಾಗಿ ಬಂದಳು. ಹೊಲದ ಬದುವಿನಲ್ಲಿ ಗುಂಡಿ ತೆಗೆಸಿದವನು, ಬಂದವರಿಗೆ ಕುರ್ಚಿ ಹಾಕಿಸಿದವನು, ಮಗಳು ಸುಚಿತ್ರಾ ಎರಡು ಸಲ ಎಚ್ಚರ ತಪ್ಪಿದಾಗ ನೀರು ಚಿಮುಕಿಸಿದವನು ಎಲ್ಲ ಮುನಿಶಾಮಯ್ಯನೇ. ಗಂಡಸಾದವನಿಗೆ ಎದೆ ಇಷ್ಟು ಗಟ್ಟಿ ಇರಬೇಕು ಎಂದು ಊರಿನವರು ಹೇಳಿದರು. ತಿಥಿ ಮುಗಿದ ಮಾರನೆಯ ದಿನ ಅವನು ಏಳೂವರೆಯ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ, ತನ್ನ ಕೆಲಸಕ್ಕೆ ಹೋದ.

ಅವನದು ಬೊಂಬೆ ಕಡೆಯುವ ಕೆಲಸ. ಆ ಶೆಡ್ಡಿನಲ್ಲಿ ಆರು ಲೇತುಗಳಿದ್ದವು. ಕಿಟಕಿಯ ಪಕ್ಕದ್ದು ಮುನಿಶಾಮಯ್ಯನದು, ಅದರ ಮಗ್ಗುಲಿನದು ಗೌಸ್‌ನದು. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಪಕ್ಕಪಕ್ಕ ಕೂತು, ತಿರುಗುವ ಮರದ ತುಂಡಿಗೆ ಉಳಿ ಕೊಟ್ಟು, ಬಣ್ಣದ ಅರಗು ಒತ್ತಿ, ಗಿಲಕಿ, ಬುಗುರಿ, ಕಡ್ಡಿಗೆ ಒಂದರ ಮೇಲೊಂದು ಪೋಣಿಸುವ ಬಳೆಗಳ ಆಟಿಕೆ ಮಾಡಿದವರು. ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಅವರ ಸ್ನೇಹವೆಲ್ಲ ಬೆಳೆದದ್ದು ಕರೆಂಟು ಹೋದ ಹೊತ್ತಿನಲ್ಲಿ. ಗೌಸ್ ಮಾತುಗಾರ. ಮುನಿಶಾಮಯ್ಯ ಕೇಳುವವನು, ನಡುನಡುವೆ ಒಂದು ಮಾತು ಹಾಕಿ ನಗಿಸುವವನು. ಗಂಗಲಕ್ಷ್ಮಮ್ಮ ಕಟ್ಟಿಕೊಡುತ್ತಿದ್ದ ಬುತ್ತಿಯಲ್ಲಿ ಗೌಸ್‌ಗೂ ಒಂದು ಪಾಲು ಇರುತ್ತಿತ್ತು.

ಎಂಟು ತಿಂಗಳು ಮುನಿಶಾಮಯ್ಯ ಸರಿಯಾಗಿಯೇ ಇದ್ದ. ಹಾಗೆಂದು ಎಲ್ಲರೂ ತಿಳಿದಿದ್ದರು. ಪಕ್ಕದ ಮನೆಯ ಅತ್ತಿಗೆ ಅಂಕಮ್ಮ ಹಾಕಿದ್ದನ್ನು ಉಂಡ, ಕೆಲಸಕ್ಕೆ ಬಂದ, ಕೇಳಿದ್ದಕ್ಕೆ ಉತ್ತರ ಕೊಟ್ಟ. ದಸರಾ ಕಳೆದ ವಾರ ಅಂಕಮ್ಮ ಬಂದು, ತನ್ನ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿವೆ, ಗೂಡು ಕಟ್ಟಿಸುವ ಬಿದಿರ ತಟ್ಟಿ, ಚಂದ್ರಿಕೆ, ಸಾಲುತ್ತಿಲ್ಲ, ಗಂಗಲಕ್ಷ್ಮಮ್ಮನ ಚಂದ್ರಿಕೆಗಳು ಸುಮ್ಮನೆ ಒರಗಿಕೊಂಡಿವೆಯಲ್ಲ, ಕೊಡುತ್ತೀಯಾ ಎಂದು ಕೇಳಿದಳು. ಹುಳ ಸಾಕುತ್ತಿದ್ದವಳು ಗಂಗಲಕ್ಷ್ಮಮ್ಮ. ಅವಳು ಹೋದ ಮೇಲೆ ಆ ಕೋಣೆಯ ಬಾಗಿಲು ಯಾರೂ ತೆಗೆದಿರಲಿಲ್ಲ. ಮುನಿಶಾಮಯ್ಯ ತಾನೇ ಬಾಗಿಲು ತೆಗೆದು, ಆಳೆತ್ತರದ ಎಂಟು ಬಿದಿರ ಚಂದ್ರಿಕೆಗಳನ್ನೂ ಒಂದೊಂದಾಗಿ ಹೊತ್ತು ಅತ್ತಿಗೆಯ ಮನೆಗೆ ಇಟ್ಟುಬಂದ. ಖಾಲಿ ಕೋಣೆಯನ್ನು ಗುಡಿಸಿದ.

ಆ ವಾರದಿಂದ ಅವನ ನಿದ್ದೆ ಕೆಟ್ಟಿತು. ಮಲಗಿದೊಡನೆ ಕಣ್ಣು ಹತ್ತುತ್ತಿತ್ತು, ಕೋಳಿ ಕೂಗುವುದಕ್ಕೆ ಎಷ್ಟೋ ಮುಂಚೆ ಬಿಟ್ಟುಕೊಳ್ಳುತ್ತಿತ್ತು. ಊಟ ಮಣ್ಣು ಅಗಿದಂತಾಯಿತು. ಬಸ್ಸಿಗೆ ಹೊರಡಲು ಚಪ್ಪಲಿ ಮೆಟ್ಟುವುದಕ್ಕೇ ಅರ್ಧ ಗಂಟೆ ಯೋಚಿಸಬೇಕಾಗುತ್ತಿತ್ತು. ಕಣ್ಣಳತೆಯಲ್ಲೇ ಬಳೆಯ ತೂತನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಕೊರೆಯುತ್ತಿದ್ದ ಕೈ ಅದು. ಒಂದು ದಿನ ಅವನು ಮಾಡಿದ ನಲವತ್ತು ಸೆಟ್ಟಿನಲ್ಲಿ ಒಂದು ಬಳೆಯೂ ಕಡ್ಡಿಗೆ ಇಳಿಯಲಿಲ್ಲ. ಮುನಿಶಾಮಯ್ಯ ಆ ಬಳೆಗಳನ್ನು ಮುಂದಿಟ್ಟುಕೊಂಡು ಸಂಜೆಯವರೆಗೆ ನೋಡುತ್ತ ಕೂತಿದ್ದ. ಹೊರಡುವಾಗ ತನ್ನ ಉಳಿಗಳನ್ನೆಲ್ಲ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಗೌಸ್‌ನ ಕೈಗೆ ಕೊಟ್ಟ.

"ಇವ ನೀನೇ ಇಟ್ಕೊ. ನಂಗೆ ಬೇಕಾಗಕಿಲ್ಲ."

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಗೌಸ್‌ನ ಹೆಂಡತಿ ವಜೀರಾ ಆಶಾ ಕಾರ್ಯಕರ್ತೆ. ಗಂಡ ಮನೆಗೆ ತಂದಿಟ್ಟ ಉಳಿಗಳ ಗಂಟನ್ನು ಅವಳು ಬಿಚ್ಚಿ ನೋಡಿದಳು. ಬೇಸರ ಪಟ್ಟುಕೊಂಡವನು ಕೆಲಸ ಬಿಟ್ಟರೂ ಉಪಕರಣ ಕೊಡುವುದಿಲ್ಲ, ಇಷ್ಟು ಜೋಪಾನದ ವಸ್ತುವನ್ನು ಒಬ್ಬ ಹೀಗೆ ಕೊಟ್ಟುಬಿಟ್ಟನೆಂದರೆ ಅವನನ್ನು ಒಬ್ಬನೇ ಬಿಡಬಾರದು, ಈಗಲೇ ಹೋಗಿ ನೋಡಿ ಎಂದಳು. ಗೌಸ್ ಅನ್ನದ ತಟ್ಟೆ ಮುಂದೆ ಕೂತಿದ್ದವನು ಎದ್ದು ಗಾಡಿ ತೆಗೆದ.

ಹೊಂಗನೂರಿನ ಮನೆಯಲ್ಲಿ ಮುನಿಶಾಮಯ್ಯ ಹುಳದ ಕೋಣೆಯ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಗಡ್ಡ ಬೆಳೆದಿತ್ತು. ಗೌಸ್ ಪಕ್ಕದಲ್ಲಿ ಕೂತು, ಏನಾಯಿತು ಹೇಳು, ಯಾರಾದರೂ ಏನಾದರೂ ಅಂದರಾ, ಮೈಯಲ್ಲಿ ನೋವಿದೆಯಾ ಎಂದು ಒಂದೊಂದಾಗಿ ಕೇಳಿದ. ಮುನಿಶಾಮಯ್ಯ ಗೋಡೆಯಿಂದ ಮುಖ ತಿರುಗಿಸದೆಯೇ ಉತ್ತರ ಕೊಟ್ಟ.

"ಏನೂ ಆಗಿಲ್ಲ ಕಣ್ ಗೌಸು. ಏನಾರ ಆಗಿದ್ರೆ ಹೇಳ್ತಿದ್ದೆ."

ಅದು ಅಂಕಮ್ಮನಿಗೂ ಅರ್ಥವಾಗದ ವಿಷಯ. ಹೆಂಡತಿ ಸತ್ತಾಗ ಗಟ್ಟಿಯಾಗಿದ್ದವನಿಗೆ ಎಂಟು ತಿಂಗಳ ಮೇಲೆ ಏನಾಯಿತು ಎಂದು ಅವಳು ಕೇಳಿದಳು. ಯಾರೋ ಗಾಳಿ ಸೋಕಿದೆ ಎಂದರು, ಯಾರೋ ಮೈಗಳ್ಳತನ ಎಂದರು, ಇನ್ನೊಂದು ಮದುವೆ ಮಾಡಿಬಿಡಿ, ಐವತ್ತನಾಲ್ಕು ಏನು ಮಹಾ ವಯಸ್ಸು ಎಂದವರೂ ಇದ್ದರು. ಗೌಸ್ ಅಂಗಳಕ್ಕೆ ಇಳಿದ. ಕುದೂರಿನಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದ ಸುಚಿತ್ರಾಗೆ ಫೋನು ಮಾಡಿದ. ಅವಳು ಆ ಸಂಜೆಯೇ ಬಂದಳು. ಗಂಡ ಮನು ಅವಳನ್ನು ಕರೆತಂದು ಬಿಟ್ಟು, ರಜೆ ಎಷ್ಟು ಬೇಕಾದರೂ ಹಾಕು, ಮನೆಯ ಕಡೆ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿಹೋದ. ಅಪ್ಪನನ್ನು ಕಂಡಾಗ ಸುಚಿತ್ರಾಗೆ ಮೊದಲು ಬಂದದ್ದು ತಪ್ಪಿತಸ್ಥ ಭಾವನೆ. ಇಷ್ಟು ತಿಂಗಳು ಫೋನಿನಲ್ಲಿ "ಚೆನ್ನಾಗಿದೀನಿ ಕಣವ್ವ" ಎಂದದ್ದನ್ನೆಲ್ಲ ಅವಳು ನಂಬಿದ್ದಳು.

ವಜೀರಾ ಹೇಳಿದ್ದಂತೆ ಅವರು ಮಂಗಳವಾರ ರಾಮನಗರದ ಸರ್ಕಾರಿ ಆಸ್ಪತ್ರೆಗೆ ಹೋದರು. ಮನೋವೈದ್ಯೆಯ ಹೆಸರು ಶೀಬಾ. ಮೂವತ್ತು ದಾಟಿರದ ಹೆಂಗಸು. ಹೊರಗೆ ಸಾಲು ಉದ್ದವಿದ್ದರೂ ಅವರು ಅವಸರ ತೋರಲಿಲ್ಲ. ಸಾಯಬೇಕು ಅನ್ನಿಸುತ್ತಾ ಎಂದು ನೇರವಾಗಿಯೇ ಕೇಳಿದರು. ಮಗಳು ಅಲ್ಲೇ ಇದ್ದಾಳೆಂದು ಮುನಿಶಾಮಯ್ಯ ಹಿಂಜರಿದ. ಆಮೇಲೆ, ಸಾಯಬೇಕು ಅಂತಲ್ಲ, ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಎಂದ. ಸುಚಿತ್ರಾ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇದಕ್ಕೆ ಮುಂಚೆ ಎಂದಾದರೂ ಹೀಗಾಗಿತ್ತಾ ಎಂದು ಡಾಕ್ಟರು ಕೇಳಿದಾಗ, ಇಪ್ಪತ್ತೆರಡು ವರ್ಷದ ಗೆಳೆಯನಿಗೂ ಹೆತ್ತ ಮಗಳಿಗೂ ತಿಳಿಯದ ಸಂಗತಿ ಹೊರಗೆ ಬಂತು. ಸುಚಿತ್ರಾ ಹುಟ್ಟುವ ಮುಂಚೆ ಅವರಿಗೆ ಇನ್ನೊಂದು ಮಗುವಾಗಿತ್ತು. ಹುಟ್ಟಿದ ದಿನವೇ ಹೋಯಿತು. ಹೆತ್ತವಳು ತಿಂಗಳಲ್ಲಿ ಎದ್ದು ಓಡಾಡಿದಳು, ಮುನಿಶಾಮಯ್ಯ ಮಲಗಿದ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಇಡೀ ಮಳೆಗಾಲ ಏಳಲಿಲ್ಲ. ಬಾಣಂತಿ ಹೆಂಡತಿ ಯಾರಿಗೂ ಹೇಳದೆ, ಗಂಡನಿಗೆ ಕಾಮಾಲೆ ಎಂದು ಊರಿಗೆ ಸುಳ್ಳು ಹೇಳಿ, ಹುಳದ ತಟ್ಟೆಗಳನ್ನು ಅವನು ಮಲಗಿದ್ದ ಕೋಣೆಗೇ ತಂದಿಟ್ಟುಕೊಂಡಳು. ಸೊಪ್ಪು ಹಾಕುತ್ತ ಅವನಿಗೂ ಒಂದೊಂದು ತುತ್ತು ತಿನ್ನಿಸುತ್ತಿದ್ದಳು. ಸೊಪ್ಪು ತಿನ್ನುವ ಹುಳದ ಸದ್ದು ಸೋನೆ ಮಳೆಯಂತೆ ಇರುತ್ತಿತ್ತು, ಅದನ್ನು ಕೇಳುತ್ತ ಮಲಗಿರುತ್ತಿದ್ದೆ ಎಂದು ಮುನಿಶಾಮಯ್ಯ ಹೇಳಿದ. ಅಷ್ಟು ಉದ್ದದ ಮಾತನ್ನು ಅವನು ಆಡಿ ತಿಂಗಳಾಗಿತ್ತು. ಅದೇ ಕೋಣೆಯ ಚಂದ್ರಿಕೆಗಳನ್ನು ಕೊಟ್ಟ ವಾರದಿಂದ ನಿದ್ದೆ ಕೆಟ್ಟಿತು ಎಂದು ಸೇರಿಸಿ, ದಣಿದು ಕುರ್ಚಿಗೆ ಒರಗಿದ.

ಡಾಕ್ಟರು ಮಾತ್ರೆ ಬರೆದರು. ಅವು ಕೆಲಸ ಮಾಡಲು ಮೂರು ನಾಲ್ಕು ವಾರವಾದರೂ ಬೇಕು, ಮೊದಲ ವಾರ ಹೊಟ್ಟೆ ತೊಳೆಸಬಹುದು, ಬಿಡಬೇಡಿ, ಅಲ್ಲಿಯವರೆಗೆ ಇವರನ್ನು ಒಬ್ಬರೇ ಬಿಡಬೇಡಿ ಎಂದು ಸುಚಿತ್ರಾಗೂ ಗೌಸ್‌ಗೂ ತಾಕೀತು ಮಾಡಿದರು.

ದಿನವೂ ತಿಂಡಿಯಾದ ಮೇಲೆ ಸುಚಿತ್ರಾ ಮಾತ್ರೆ ಕೊಡುತ್ತಿದ್ದಳು. ಅಪ್ಪ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದ. ಹತ್ತನೇ ದಿನ ಬಟ್ಟೆ ನೆನೆಹಾಕುವಾಗ ಅವನು ಅಷ್ಟು ದಿನ ಬಿಚ್ಚಲು ಒಪ್ಪದಿದ್ದ ಅಂಗಿಯ ಜೇಬಿನಲ್ಲಿ ಅವಳ ಕೈಗೆ ಅಂಟಂಟಾದ ಬಿಳಿಯ ಮುದ್ದೆ ಸಿಕ್ಕಿತು. ಒಂಬತ್ತು ಮಾತ್ರೆ. ಅವಳು ಬಟ್ಟೆ ಅಲ್ಲೇ ಬಿಟ್ಟಳು. ಹಿತ್ತಿಲ ಕಲ್ಲಿನ ಮೇಲೆ ಕೂತು ಗೌಸ್‌ಗೆ ಫೋನು ಮಾಡಿ ಅತ್ತಳು.

ಗೌಸ್ ಬಂದವನು ಬೈಯಬೇಕೆಂದೇ ಬಂದಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಜಗಲಿಯ ಮೇಲೆ ಕೂತಿದ್ದ ಗೆಳೆಯನ ಮುಖ ಕಂಡ ಮೇಲೆ ಅವನ ಪಕ್ಕದಲ್ಲಿ ಕೂತ.

"ಯಾಕ್ಲಾ?" ಎಂದಷ್ಟೇ ಕೇಳಿದ.

ಮುನಿಶಾಮಯ್ಯ ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಯ ಕಡೆ ನೋಡುತ್ತ, ಒಂದೊಂದು ಮಾತನ್ನೂ ಎಲ್ಲಿಂದಲೋ ಎತ್ತಿ ತರುವವನಂತೆ ಹೇಳಿದ.

"ಆ ಮಾತ್ರೆ ತಕಂಡ್ರೆ ವಾಸಿ ಆಯ್ತದೆ ಅಂದ್ರಲ್ಲ, ಅದ್ಕೇ ಬ್ಯಾಡ ಅಂತ. ಅವಳು ವೋದ್ಲು ಅಂತ ತಾನೆ ನಂಗಿಂಗಾಗಿರೋದು. ಸಂಕಟ ಮಾತ್ರೇಲಿ ವೋಯ್ತದೆ ಅಂದ್ರೆ ಅದು ಸಂಕಟನೇ ಅಲ್ಲ, ತಲೇಲಿ ಏನೋ ಉಪ್ಪು ಕಮ್ಮಿ ಆಗಿತ್ತು ಅಂತ ಆಯ್ತದೆ. ಅಷ್ಟು ವರ್ಸ ನನ್ ಜೊತೆ ಬಾಳುದ್ಲು ಗೌಸು. ನಾನು ಅವಳಿಗೋಸ್ಕರ ಅಳ್ಲಿಲ್ಲ. ಇದೊಂದಾರ ಇರ್ಲಿ."

ತಾನು ಓದಿದವನಲ್ಲ, ಇದಕ್ಕೆ ಉತ್ತರ ತನಗೆ ಗೊತ್ತಿಲ್ಲ ಎಂದ ಗೌಸ್. ನೀನು ಹೇಳಿದ್ದನ್ನು ಇದ್ದಂತೆಯೇ ಆ ಡಾಕ್ಟರಮ್ಮನಿಗೆ ಹೇಳು, ಅವರೇನು ಹೇಳುತ್ತಾರೋ ಕೇಳೋಣ, ಆಮೇಲೂ ಬೇಡ ಅನ್ನಿಸಿದರೆ ನಾನು ಒತ್ತಾಯ ಮಾಡುವುದಿಲ್ಲ ಎಂದ. ಆ ಕೊನೆಯ ಮಾತು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

ಮತ್ತೆ ಮಂಗಳವಾರ. ಮುನಿಶಾಮಯ್ಯ ತಲೆ ತಗ್ಗಿಸಿಕೊಂಡೇ ಹೇಳಿದ್ದನ್ನು ಡಾಕ್ಟರು ಪೂರ್ತಿ ಕೇಳಿದರು. ಪೆನ್ನು ಕೆಳಗಿಟ್ಟರು.

"ಹೆಂಡತಿ ನೆನಪು ಬಂದಾಗ ನಿಮಗೆ ಏನಾಗುತ್ತೆ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

"ಏನೂ ಆಗಕಿಲ್ಲ," ಎಂದ ಕೊನೆಗೆ. "ಮೊಕ ತಂದ್ಕಳಾನ ಅಂತ ಕಣ್ ಮುಚ್ತೀನಿ. ಬರಾಕಿಲ್ಲ. ಗ್ವಾಡೆ ಮ್ಯಾಲೆ ಪಟ ಐತೆ. ಯಾರ್ ಮನೇದೋ ಪಟ ಇದ್ದಂಗೈತೆ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿದವನಂತೆ ಡಾಕ್ಟರ ಮುಖ ನೋಡಿದ.

ಶೀಬಾ ನಿಧಾನವಾಗಿ ಹೇಳಿದರು. ತಲೆಯಲ್ಲಿ ಒಂದು ಉಪ್ಪು ಕಮ್ಮಿಯಾಗುವುದರಿಂದ ಹೀಗಾಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು, ಅದು ಅಷ್ಟು ಸರಳವಲ್ಲ, ಎಲ್ಲವೂ ನಮಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ದೊಡ್ಡ ಪೆಟ್ಟು ಬಿದ್ದಾಗ ಮೈ ಒಂದು ರಸವನ್ನು ಬಿಡುತ್ತದೆ, ಎದ್ದು ನಿಲ್ಲಲು, ಓಡಾಡಲು, ಕೆಲಸ ಮಾಡಲು. ಅದರ ಬಲದ ಮೇಲೆಯೇ ಎಷ್ಟೋ ಜನ ಹೆಂಡತಿಗೆ ಮಣ್ಣು ಕೊಟ್ಟು, ಮನೆಗೆ ಬಂದವರಿಗೆ ಊಟ ಬಡಿಸುತ್ತಾರೆ. ಕೆಲಸ ಮುಗಿದ ಮೇಲೆ ಅದು ಇಳಿಯಬೇಕು. ಕೆಲವರಲ್ಲಿ ತಿಂಗಳುಗಟ್ಟಲೆ ಇಳಿಯುವುದಿಲ್ಲ. ಆಗ ನಿದ್ದೆ, ಹಸಿವು, ನೆನಪು, ಸಂತೋಷ ಇವನ್ನೆಲ್ಲ ನೋಡಿಕೊಳ್ಳುವ ಮಿದುಳಿನ ಭಾಗಗಳು ಸೋಲುತ್ತ ಬರುತ್ತವೆ. ಒಂದು ಸಲ ಹೀಗಾದವರಿಗೆ ಎರಡನೇ ಸಲ ಅಷ್ಟೇ ದೊಡ್ಡ ಪೆಟ್ಟು ಬೇಕಾಗದೆಯೂ ಇರಬಹುದು. ನಿಮಗೆ ಇಪ್ಪತ್ತೇಳರಲ್ಲಿ ಮಗು ಹೋದಾಗ ಒಂದು ಸಲ ಆಗಿದೆ. ಈಗ ಹೆಂಡತಿ ಹೋದ ಭಾರ ಒಳಗೇ ಇತ್ತು. ಅದರ ಮೇಲೆ ಚಂದ್ರಿಕೆ ಕೊಟ್ಟಂಥ ಒಂದು ಸಣ್ಣ ಸಂಗತಿ ಸಾಕಾಯಿತೇನೋ.

"ನಿಮ್ಮ ಹೆಂಡತಿ ಹೋಗಿದ್ದೂ ನಿಜ, ನಿಮ್ಮ ಮಿದುಳಿನಲ್ಲಿ ಆಗಿದ್ದೂ ನಿಜ. ಒಂದು ನಿಜ ಅಂದ ಮಾತ್ರಕ್ಕೆ ಇನ್ನೊಂದು ಸುಳ್ಳಾಗಲ್ಲ," ಎಂದರು. "ಆದರೆ ನೀವು ಜೋಪಾನ ಮಾಡ್ತಾ ಕೂತಿರೋದು ಅವರ ಮೇಲಿನ ದುಃಖ ಅಲ್ಲ ಮುನಿಶಾಮಯ್ಯ. ದುಃಖ ಇದ್ದಿದ್ರೆ ಅವರ ಮುಖ ನೆನಪಾಗ್ತಿತ್ತು. ಈ ಕಾಯಿಲೆ ನಿಮ್ಮ ದುಃಖಾನೂ ಕಿತ್ಕೊಂಡಿದೆ."

ಹೊರಗೆ ಇನ್ನೊಬ್ಬರ ಹೆಸರು ಕರೆದರು. ಮುನಿಶಾಮಯ್ಯ ಎದ್ದು, ಚೀಟಿಯನ್ನು ತಾನೇ ಕೈಯಲ್ಲಿ ಹಿಡಿದು, ಔಷಧ ಕೊಡುವ ಕಿಟಕಿಯ ಸಾಲಿನಲ್ಲಿ ಹೋಗಿ ನಿಂತ.

ಮಾರನೆಯ ಬೆಳಿಗ್ಗೆಯಿಂದ ಗೌಸ್ ಕೆಲಸಕ್ಕೆ ಹೋಗುವ ಮುಂಚೆ ಹೊಂಗನೂರಿಗೆ ಬರತೊಡಗಿದ. ಅದು ಅವನ ದಾರಿಯಲ್ಲ, ಹೋಗಿ ಬರಲು ಒಂದು ಗಂಟೆಯಾದರೂ ಬೇಕು. ಮಾತ್ರೆ ನುಂಗಿದ್ದನ್ನು ನೋಡಲು ಬಂದೆ ಎಂದು ಅವನು ಹೇಳಲಿಲ್ಲ, ಟೀ ಕುಡಿಯಲು ಬಂದೆ ಎನ್ನುತ್ತಿದ್ದ. ಸುಚಿತ್ರಾ ಮೂರು ಲೋಟ ಟೀ ತರುತ್ತಿದ್ದಳು. ಮೊದಲ ವಾರ ಮುನಿಶಾಮಯ್ಯನಿಗೆ ಹೊಟ್ಟೆ ತೊಳೆಸಿತು, ಬಾಯಿ ಒಣಗಿತು, ಇದರಿಂದ ಏನೂ ಆಗುವುದಿಲ್ಲ ಎಂದು ಎರಡು ಸಲ ಹೇಳಿದ. ಗೌಸ್ ಶೆಡ್ಡಿನ ಸುದ್ದಿ ಹೇಳುತ್ತಿದ್ದ. ಉತ್ತರ ಬಾರದಿದ್ದರೂ ಹೇಳುತ್ತಿದ್ದ.

ಚಂದ್ರಿಕೆಯ ವಿಷಯ ಸುಚಿತ್ರಾಳ ಬಾಯಿಂದ ಹೇಗೋ ಅಂಕಮ್ಮನ ಕಿವಿಗೆ ಬಿತ್ತು. ಅವಳು ಮಧ್ಯಾಹ್ನ ಬಂದು ಹೊಸ್ತಿಲಲ್ಲೇ ನಿಂತಳು. ತಾನು ಕೇಳಬಾರದಿತ್ತು, ತನ್ನಿಂದಲೇ ಹೀಗಾಯಿತು, ಎಂಟನ್ನೂ ವಾಪಸು ತಂದಿಡುತ್ತೇನೆ ಎಂದಳು. ಆ ಹೆಂಗಸು ಎಂಟು ತಿಂಗಳು ಅವನಿಗೆ ಅನ್ನ ಹಾಕಿದವಳು. ಮುನಿಶಾಮಯ್ಯ ಗೋಡೆ ಹಿಡಿದು ಎದ್ದು ಬಾಗಿಲವರೆಗೆ ಬಂದ.

"ನಿಮ್ದೇನೂ ಇಲ್ಲ ಅತ್ಗೆ. ಯಾವ್ದೋ ಒಂದು ಸಾಕಾಗಿತ್ತು. ಅದಿಲ್ದಿದ್ರೆ ಇನ್ನೊಂದು."

ಕಾಯಿಲೆ ಬಿದ್ದ ಮೇಲೆ ಯಾರನ್ನಾದರೂ ಸಮಾಧಾನ ಮಾಡಲು ಅವನು ಎದ್ದು ಬಂದದ್ದು ಅದೇ ಮೊದಲು. ಸುಚಿತ್ರಾ ಅಡುಗೆ ಮನೆಯಿಂದ ಅದನ್ನು ಕೇಳಿಸಿಕೊಂಡಳು. ಸಂಜೆ ಗಂಡನಿಗೆ ಫೋನು ಮಾಡಿದಾಗ ಅದೊಂದನ್ನೇ ಮೂರು ಸಲ ಹೇಳಿದಳು.

ನಾಲ್ಕನೇ ವಾರ ಒಂದು ದಿನ ಅವನು ಎಚ್ಚರವಾದಾಗ ಬಿಸಿಲು ಬಂದಿತ್ತು. ಏಳು ಗಂಟೆಯವರೆಗೆ ಮಲಗಿದ್ದೆ ಎಂದು ಅವನಿಗೇ ನಂಬಿಕೆಯಾಗಲಿಲ್ಲ. ಐದನೇ ವಾರ ಮುದ್ದೆಗೆ ಸಾರು ಇನ್ನೊಂದು ಸೌಟು ಬೇಕೆಂದು ಕೇಳಿದ. ದಿನಕ್ಕೆ ಅರ್ಧ ಗಂಟೆ ಏನಾದರೂ ಕೆಲಸ ಮಾಡಲಿ, ಮನಸ್ಸಾಗಲಿ ಬಿಡಲಿ ಎಂದು ಡಾಕ್ಟರು ಹೇಳಿದ್ದರು. ಗೌಸ್ ಅವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಶೆಡ್ಡಿಗೆ ಕರೆತಂದ. ಉಳಿ ಹಿಡಿಯಲು ಅವನಿಗೆ ಧೈರ್ಯ ಬರಲಿಲ್ಲ. ಮೂಲೆಯಲ್ಲಿ ಕೂತು, ಬೇರೆಯವರು ಕಡೆದ ಬುಗುರಿಗಳಿಗೆ ದಾರ ಸುತ್ತಿ ಕಟ್ಟಿದ. ಮಾರನೆಯ ದಿನವೂ ಬಂದ. ಒಳ್ಳೆಯ ದಿನದ ಹಿಂದೆ ಎರಡು ಕೆಟ್ಟ ದಿನ ಬರುತ್ತಿತ್ತು. ಒಂದು ಸೋಮವಾರ ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಸುಚಿತ್ರಾ ಬೆದರಿದಳು. ಹೀಗೇ ಆಗುತ್ತದೆ, ಮೇಲೆ ಕೆಳಗೆ ಆಗುತ್ತಲೇ ಮೇಲೆ ಬರುತ್ತದೆ ಎಂದು ವಜೀರಾ ಫೋನಿನಲ್ಲಿ ಧೈರ್ಯ ಹೇಳಿದಳು.

ಸಂಕ್ರಾಂತಿಗೆ ಮುಂಚಿನ ಭಾನುವಾರ. ಅವರೆಕಾಯಿಯ ಕಾಲ. ಗೌಸ್ ಊಟಕ್ಕೆ ಬಂದಿದ್ದ. ಸುಚಿತ್ರಾ ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಬೋಗುಣಿಯಲ್ಲಿ ತಂದಿಟ್ಟುಕೊಂಡು, ಒಂದೊಂದನ್ನೂ ಬೆರಳ ನಡುವೆ ಹಿದುಕಿ ಸಿಪ್ಪೆ ಬಿಡಿಸುತ್ತ ಜಗಲಿಯ ಮೇಲೆ ಕೂತಿದ್ದಳು. ಗೌಸ್ ತಾನೂ ಕೈ ಹಾಕಿದ. ಸ್ವಲ್ಪ ಹೊತ್ತಿಗೆ ಮುನಿಶಾಮಯ್ಯನೂ ಸರಿದು ಬಂದು ಕೂತ. ಅವನ ಬೆರಳಿಂದ ಚಿಮ್ಮಿದ ಒಂದು ಬೇಳೆ ಸೀದಾ ಹೋಗಿ ಗೌಸ್‌ನ ಕನ್ನಡಕಕ್ಕೆ ತಗುಲಿತು. ಸುಚಿತ್ರಾ ನಕ್ಕಳು. ಮುನಿಶಾಮಯ್ಯನ ಬಾಯಿಯ ಅಂಚೂ ಮೇಲಕ್ಕೆದ್ದಿತು.

"ನಿಮ್ಮವ್ವ ಬೇಕಂತ್ಲೇ ನನ್ ಮೊಕಕ್ಕೆ ಚಿಮ್ಮುಸ್ತಿದ್ಲು ಕಣವ್ವ," ಎಂದ. "ಚಿಮ್ಮುಸ್ಬುಟ್ಟು ಏನೂ ಗೊತ್ತಿಲ್ದವಳಂಗೆ ಆ ಕಡೀಕ್ ತಿರುಗ್ತಿದ್ಲು. ಭುಜ ಮಾತ್ರ ಕುಣೀತಿತ್ತು, ನಗು ತಡ್ಕಳಕಾಗ್ದೆ."

ಹೇಳುತ್ತಿದ್ದಂತೆ ಅವನಿಗೆ ಆ ಭುಜ ಕಂಡಿತು. ರವಿಕೆಯ ತೋಳು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಕೂದಲು, ತಿರುಗಿದ ಮುಖ, ಮುಂದಿನ ಎರಡು ಹಲ್ಲಿನ ನಡುವಿನ ಸಂದು, ಎಲ್ಲವೂ ಒಂದೇ ಸಲಕ್ಕೆ ಬಂದವು. ಕೈಯಲ್ಲಿದ್ದ ಕಾಳನ್ನು ಬೋಗುಣಿಗೆ ಹಾಕಿದ. ಆಮೇಲೆ ಎರಡೂ ಕೈಯಿಂದ ಮೊಣಕಾಲನ್ನು ಹಿಡಿದುಕೊಂಡು ಅತ್ತ. ಅದು ಸಣ್ಣ ಅಳುವಲ್ಲ. ಹನ್ನೊಂದು ತಿಂಗಳು ಎಲ್ಲಿ ನಿಂತಿತ್ತೋ ಅಲ್ಲಿಂದ ಹೊರಟಿತ್ತು. ಹೆಂಡತಿಯ ಹೆಸರು ಹಿಡಿದು, ನೀನು ಮಾತು ನಿಲ್ಲಿಸಿದ ದಿನ ನಿನ್ನ ಕೈ ಹಿಡಿದುಕೊಳ್ಳದೆ ಬಿಲ್ಲು ಕಟ್ಟುವ ಕಿಟಕಿಯಲ್ಲಿ ನಿಂತಿದ್ದೆನಲ್ಲೇ ಎಂದು ಹೇಳಿಕೊಂಡು ಅತ್ತ. ಅಂಕಮ್ಮ ತನ್ನ ಮನೆಯಿಂದ ಓಡಿಬಂದಳು.

ಗೌಸ್ ಗಾಬರಿಯಾಗಿ, ಕಾಯಿಲೆ ತಿರುಗಿ ಬಂತೆಂದು ವಜೀರಾಗೆ ಫೋನು ಹಚ್ಚಿದ. ಅವಳು ಆ ಕಡೆಯಿಂದ ಅಳುವಿನ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಬಿಡಿ, ಅಳಲಿ, ಯಾರೂ ಸುಮ್ಮನಿರಿಸಬೇಡಿ ಎಂದಳು. ಗೌಸ್ ಫೋನನ್ನು ಜೇಬಿಗೆ ಹಾಕಿ ಗೆಳೆಯನ ಬೆನ್ನಿನ ಮೇಲೆ ಕೈ ಇಟ್ಟ. ಸುಚಿತ್ರಾ ಅಪ್ಪನ ಇನ್ನೊಂದು ಪಕ್ಕಕ್ಕೆ ಬಂದು ಕೂತು, ತಾಯಿ ಸತ್ತಾಗ ಒಬ್ಬಳೇ ಅತ್ತದ್ದನ್ನು ಈಗ ಅವನ ಜೊತೆ ಅತ್ತಳು. ಅಂದು ಊಟವಾದಾಗ ಮೂರು ಗಂಟೆ ದಾಟಿತ್ತು. ಮುನಿಶಾಮಯ್ಯ ಕಣ್ಣು ಊದಿಸಿಕೊಂಡು ಎರಡು ಮುದ್ದೆ ಉಂಡ.

ಮುಂದಿನ ಮಂಗಳವಾರ ಡಾಕ್ಟರಿಗೆ ಇದನ್ನೆಲ್ಲ ಹೇಳಿದ. ಈಗ ಅವಳ ಮುಖ ಬರುತ್ತದೆ, ಬಂದಾಗ ಎದೆ ನೋಯುತ್ತದೆ, ಮಾತ್ರೆ ಸಂಕಟವನ್ನು ತೆಗೆಯಲಿಲ್ಲ, ತಂದುಕೊಟ್ಟಿತು ಎಂದ. ಅವರು ಅದನ್ನು ಅವನ ಮಾತಿನಲ್ಲೇ ಬರೆದುಕೊಂಡರು. ಎರಡನೇ ಸಲ ಬಂದಿರುವ ಕಾಯಿಲೆಯಾದ್ದರಿಂದ ವರ್ಷದ ಮೇಲೆಯೂ ಮಾತ್ರೆ ಬೇಕಾಗುತ್ತದೆ, ಚೆನ್ನಾಗಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ ಎಂದು ಹೇಳಿದರು. ಅವನು ಒಪ್ಪಿದ. ಸುಚಿತ್ರಾ ಶಾಲೆಗೆ ವಾಪಸಾದಳು, ಶನಿವಾರ ಶನಿವಾರ ಬಂದು ಹೋಗುವುದೆಂದು ತೀರ್ಮಾನವಾಯಿತು.

ವರ್ಷದ ಕಾರ್ಯ ಕಳೆದ ಮೇಲೆ ಮಾರ್ಚಿನಲ್ಲಿ ಮೂವರೂ ಇನ್ನೊಮ್ಮೆ ರಾಮನಗರದ ಆಸ್ಪತ್ರೆಗೆ ಹೋದರು. ಕೆಲಸ ಬೇಗ ಮುಗಿಯಿತು. ಸುಚಿತ್ರಾ ಅಲ್ಲಿಂದಲೇ ಮಾಗಡಿಯ ಬಸ್ಸು ಹತ್ತಿದಳು, ಮಾಗಡಿಯಿಂದ ಕುದೂರಿಗೆ ಇನ್ನೊಂದು. ಗೆಳೆಯರಿಬ್ಬರು ಮೈಸೂರು ರಸ್ತೆಯ ಬಸ್ಸಿನಲ್ಲಿ ಕೂತರು. ಬಸ್ಸು ಊರು ಬಿಡುತ್ತಿದ್ದಂತೆ ಮುನಿಶಾಮಯ್ಯ ತಾನಾಗಿಯೇ ಮಾತು ತೆಗೆದ. ಗಂಗಲಕ್ಷ್ಮಮ್ಮ ತನಗೆ ಹೇಗೆ ಸಿಕ್ಕಿದಳೆಂದು ಗೌಸ್‌ಗೆ ಯಾವತ್ತೂ ಹೇಳಿರಲಿಲ್ಲವಲ್ಲ ಎಂದ.

ಆಗ ಅವನು ಕನಕಪುರದ ಕಡೆ ಒಂದು ಹಳ್ಳಿಯಲ್ಲಿ ಬೇರೆ ಹೆಣ್ಣನ್ನು ನೋಡಿ, ಒಪ್ಪಿ, ಅಪ್ಪನ ಜೊತೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದ. ಸಾತನೂರು ದಾಟಿದ ಮೇಲೆ ಬಸ್ಸು ಕೆಟ್ಟಿತು. ಬಸ್ಸಿನಲ್ಲಿ ಕಾಲು ನೋವಿನ ತಂದೆಯೊಬ್ಬನ ಜೊತೆ ಒಬ್ಬ ಹುಡುಗಿ, ರಾಮನಗರದ ಮಾರುಕಟ್ಟೆಗೆ ಹಾಕಲು ಎರಡು ಚೀಲ ರೇಷ್ಮೆಗೂಡು. ಅಂದೇ ಮುಟ್ಟಿಸದಿದ್ದರೆ ಚಿಟ್ಟೆ ಗೂಡು ಕೊರೆದು ಆಚೆ ಬರುತ್ತವೆ. ಹುಡುಗಿ ಒಂದು ಚೀಲವನ್ನು ತಲೆಗೇರಿಸಿಕೊಂಡು, ಇನ್ನೊಂದನ್ನು ಸುಮ್ಮನೆ ನಿಂತಿದ್ದ ಇವನ ತಲೆಗೆ ಎತ್ತಿಟ್ಟಳು. ಮುಂದಿನ ಕ್ರಾಸಿನವರೆಗೆ ಮೂರು ಮೈಲಿ, ಕಾಲು ಎಳೆಯುತ್ತೀಯಲ್ಲ, ಹೆಜ್ಜೆ ಹಾಕು ಎಂದು ಬೈದುಕೊಂಡೇ ನಡೆಸಿದಳು. ಹೆಸರನ್ನೂ ಕೇಳಿರಲಿಲ್ಲ. ಕ್ರಾಸಿಗೆ ಬರುವಷ್ಟರಲ್ಲಿ ಇವನಿಗೆ, ಒಪ್ಪಿ ಬಂದಿದ್ದ ಹೆಣ್ಣಿನ ವಿಷಯ ಅಪ್ಪನಿಗೆ ಹೇಗೆ ಹೇಳುವುದು ಎಂಬ ಚಿಂತೆ ಹತ್ತಿತ್ತು.

ಮುನಿಶಾಮಯ್ಯ ಹೇಳುತ್ತಲೇ ಇದ್ದ. ಎರಡು ಸಲ ಕಣ್ಣೊರೆಸಿಕೊಂಡ, ಒಂದು ಸಲ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕ. ಚನ್ನಪಟ್ಟಣದಲ್ಲಿ ಇಳಿದರು. ಮನೆಗೆ ಹೋಗಬೇಕಾದ ಗೌಸ್, ಮಾತು ನಡುವೆ ತುಂಡಾಗಬಾರದೆಂದು ಅವನ ಜೊತೆಗೇ ಹೊಂಗನೂರಿನ ಬಸ್ಸು ಹತ್ತಿ ಟಿಕೆಟು ತೆಗೆದ. ಅದು ಮುನಿಶಾಮಯ್ಯನ ಗಮನಕ್ಕೆ ಬಂದದ್ದು ಊರಿನಲ್ಲಿ ಇಳಿದ ಮೇಲೆ.

"ನೀನ್ಯಾಕ್ಲಾ ಇಲ್ಲಿಗಂಟ ಬಂದೆ?"

"ಆ ಮೊದ್ಲು ಒಪ್ಪಿದ್ ಹುಡ್ಗಿ ಮನೇವ್ರು ಏನಂದ್ರು ಅಂತ ನೀನಿನ್ನೂ ಹೇಳೇ ಇಲ್ವಲ್ಲ," ಎಂದ ಗೌಸ್.

ವಾಪಸು ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು. ಇಬ್ಬರೂ ನಿಲ್ದಾಣದ ಕಟ್ಟೆಯ ಮೇಲೆ ನೆರಳು ನೋಡಿ ಕೂತರು. ಮುನಿಶಾಮಯ್ಯ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಅಪ್ಪ ಆ ರಾತ್ರಿ ಬೈದ ಬೈಗುಳದಿಂದ ಶುರು ಮಾಡಿದ.